ಅಪಘಾತದ ನಂತರ ಪರಿಹಾರ ಯಾರು ಕೊಡಬೇಕು, ಎಷ್ಟು ಕೊಡಬೇಕು? ಕಲಬುರಗಿ ಸೀಮೆಯ ಕುಟುಂಬಗಳಿಗೆ ಕಾನೂನಿನ ವಿವರ

ಬೈಕಿಗೆ ಟಂಟಂ ಆಟೊ ಬಡಿದು ಕಾಲು ಮುರಿದುಕೊಂಡವರು ದವಾಖಾನೆ ಸೇರಿ ಎರಡು ದಿನ ಆಗಿರುವುದಿಲ್ಲ, ಗಾಡಿ ಮಾಲೀಕರ ಕಡೆಯ ಹಿರಿಯರೊಬ್ಬರು ವಾರ್ಡಿಗೆ ಬರುತ್ತಾರೆ. "ಆಗಿದ್ದು ಆಗಿ ಹೋಯ್ತ್ರಿ, ಕೋರ್ಟು ಕಚೇರಿ ಅಂತ ತಿರುಗಾಡಿ ಏನ್ ಸಿಗ್ತದ? ದವಾಖಾನಿ ಖರ್ಚು ನಾವು ನೋಡ್ಕೋತೀವಿ" ಎನ್ನುತ್ತಾರೆ. ಕೈಗೆ ಒಂದಿಷ್ಟು ಸಾವಿರ ಇಟ್ಟು ಬಾಂಡ್ ಪೇಪರ್ ಮೇಲೆ ಸಹಿ ಕೇಳುತ್ತಾರೆ. ಮಾಲೀಕನೂ ಬಡವ, ಅವನ ಹೊಟ್ಟೆ ಮೇಲೆ ಯಾಕೆ ಹೊಡೆಯಬೇಕು ಎಂದು ಮನೆಯವರು ಒಪ್ಪಿಕೊಳ್ಳುತ್ತಾರೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ಯಾರಿಗೂ ಇದು ಹೊಸದಲ್ಲ. ಆದರೆ ಆ ಟಂಟಂಗೆ ಚಾಲ್ತಿಯಲ್ಲಿರುವ ವಿಮೆ ಇದ್ದರೆ ಪರಿಹಾರದ ಹಣ ಹೋಗಬೇಕಾದದ್ದು ಮಾಲೀಕನ ಜೇಬಿನಿಂದಲ್ಲ, ವಿಮಾ ಕಂಪನಿಯಿಂದ. ಸಹಿ ಮಾಡುವ ಹೊತ್ತಿನಲ್ಲಿ ಇದನ್ನು ಹೇಳುವವರು ಆ ವಾರ್ಡಿನಲ್ಲಿ ಯಾರೂ ಇರುವುದಿಲ್ಲ.

ಮೋಟಾರು ವಾಹನ ಕಾಯ್ದೆಯ ಪರಿಹಾರದ ಅಧ್ಯಾಯ 2022ರ ಏಪ್ರಿಲ್ 1ರಿಂದ ಸಾಕಷ್ಟು ಬದಲಾಗಿದೆ. 2025ರ ಮೇ ತಿಂಗಳಲ್ಲಿ ನಗದುರಹಿತ ಚಿಕಿತ್ಸೆಯ ಯೋಜನೆಯೂ ಬಂದಿದೆ. ಕಬ್ಬಿನ ಟ್ರ್ಯಾಕ್ಟರುಗಳು, ಹತ್ತಿ ಬಿಡಿಸಲು ಹೋಗುವ ಕೂಲಿಯವರ ಗಾಡಿಗಳು, ತೊಗರಿ ತುಂಬಿದ ಲಾರಿಗಳು ಒಟ್ಟಿಗೇ ರಸ್ತೆಗಿಳಿಯುವ ಸುಗ್ಗಿಯ ತಿಂಗಳುಗಳಲ್ಲಿ ಈ ವಿಷಯ ಯಾವ ಮನೆಗೆ ಯಾವಾಗ ಬೇಕಾಗುತ್ತದೋ ಹೇಳಲಾಗದು. ಹಾಗಾಗಿ ಬುಡದಿಂದಲೇ ನೋಡೋಣ.

ನಿರ್ಲಕ್ಷ್ಯ ಎಂದರೆ ಕಾನೂನಿನ ಕಣ್ಣಿನಲ್ಲಿ ಏನು?

ಅಪಘಾತವಾದಾಗ ನಮ್ಮಲ್ಲಿ ಮೊದಲು ಬರುವ ಮಾತು ಹಣೆಬರಹ, ನಸೀಬು. ಕಾನೂನು ಬೇರೆಯದನ್ನು ಕೇಳುತ್ತದೆ: ಸಾಮಾನ್ಯ ಎಚ್ಚರ ವಹಿಸುವ ಮನುಷ್ಯ ಆ ಜಾಗದಲ್ಲಿದ್ದಿದ್ದರೆ ಇದನ್ನು ತಪ್ಪಿಸಬಹುದಿತ್ತೇ? ತಪ್ಪಿಸಬಹುದಿತ್ತು ಎಂದಾದರೆ, ತಪ್ಪಿಸಬೇಕಾಗಿದ್ದವರು ಹಾಗೆ ಮಾಡಲಿಲ್ಲ ಎಂದಾದರೆ, ಅದು ನಿರ್ಲಕ್ಷ್ಯ. ಆ ನಿರ್ಲಕ್ಷ್ಯದಿಂದಲೇ ಗಾಯ ಅಥವಾ ಸಾವು ಆಗಿದೆ ಎಂದು ತೋರಿಸಿದರೆ ಪರಿಹಾರದ ಹಕ್ಕು ಹುಟ್ಟುತ್ತದೆ.

ಹುಮನಾಬಾದ್ ರಸ್ತೆಯಲ್ಲಿ ರಾತ್ರಿ ಕೆಟ್ಟು ನಿಂತ ಲಾರಿಯನ್ನೇ ತೆಗೆದುಕೊಳ್ಳಿ. ಟೈರು ಒಡೆದದ್ದು ಯಾರ ತಪ್ಪೂ ಅಲ್ಲದಿರಬಹುದು. ಆದರೆ ಇಂಡಿಕೇಟರ್ ಹಾಕದೆ, ಹಿಂದೆ ಪ್ರತಿಫಲಕ ತ್ರಿಕೋನ ಇಡದೆ, ಅರ್ಧ ರಸ್ತೆ ಅಡ್ಡಗಟ್ಟಿ ಬಿಟ್ಟದ್ದು ತಪ್ಪು. ವಾಹನವನ್ನು ಅಪಾಯವಾಗುವ ರೀತಿಯಲ್ಲಿ ನಿಲ್ಲಿಸುವುದನ್ನು ಕಾಯ್ದೆಯ 122ನೇ ಕಲಂ ನಿಷೇಧಿಸುತ್ತದೆ. ಹಿಂದಿನಿಂದ ಬಂದು ಗುದ್ದಿದ ಬೈಕ್ ಸವಾರನದೇ ಪೂರ್ತಿ ತಪ್ಪು ಎಂದು ಊರವರು ತೀರ್ಮಾನಿಸಿಬಿಡುವ ಎಷ್ಟೋ ಪ್ರಕರಣಗಳಲ್ಲಿ ನ್ಯಾಯಾಲಯಗಳು ಲಾರಿಯವನ ಪಾಲನ್ನೂ ಲೆಕ್ಕಕ್ಕೆ ಹಿಡಿದಿವೆ. ಹಿಂದೆ ದೀಪವಿಲ್ಲದ, ಪ್ರತಿಫಲಿಸುವ ಪಟ್ಟಿ ಅಂಟಿಸದ ಕಬ್ಬಿನ ಟ್ರೇಲರ್‌ಗೂ ಇದೇ ಮಾತು.

ಇಬ್ಬರದೂ ತಪ್ಪಿದ್ದರೆ ಪರಿಹಾರ ಪೂರ್ತಿ ಹೋಗುವುದಿಲ್ಲ, ಗಾಯಗೊಂಡವರ ತಪ್ಪಿನ ಪ್ರಮಾಣದಷ್ಟು ಕಡಿತವಾಗುತ್ತದೆ. ಆ ತಪ್ಪು ಅಪಘಾತಕ್ಕೆ ಕಾರಣವಾಗಿರಬೇಕು ಎಂಬುದು ಮುಖ್ಯ. ಒಂದೇ ಬೈಕಿನಲ್ಲಿ ಮೂವರು ಹೋಗುತ್ತಿದ್ದರು ಎಂಬ ಒಂದೇ ಕಾರಣಕ್ಕೆ ಪರಿಹಾರ ಕಡಿಮೆ ಮಾಡುವಂತಿಲ್ಲ, ಮೂವರು ಕೂತದ್ದರಿಂದಲೇ ಡಿಕ್ಕಿಯಾಯಿತು ಅಥವಾ ಪೆಟ್ಟು ಹೆಚ್ಚಾಯಿತು ಎಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ತ್ರಿಬಲ್ ಸವಾರಿಗೆ ದಂಡ ಬೇರೆ, ಪರಿಹಾರದ ಲೆಕ್ಕ ಬೇರೆ.

ಒಂದೇ ಅಪಘಾತ, ಎರಡು ಕೇಸು

ಇಲ್ಲಿ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ. ಪೊಲೀಸರು ಹಾಕುವುದು ಕ್ರಿಮಿನಲ್ ಕೇಸು. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ, ಸಾವಾದರೆ 106ನೇ ಕಲಂ. ಅದು ಸರ್ಕಾರ ಮತ್ತು ಚಾಲಕನ ನಡುವಿನ ಕೇಸು, ಅದರಿಂದ ನಿಮಗೆ ಪರಿಹಾರ ಬರುವುದಿಲ್ಲ. ಪರಿಹಾರಕ್ಕೆ ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಅಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಬೇರೆಯೇ ಅರ್ಜಿ ಹಾಕಬೇಕು. ವಕೀಲರು ಇದನ್ನು ಎಂವಿಸಿ ಕೇಸು ಎನ್ನುತ್ತಾರೆ. ನ್ಯಾಯಮಂಡಳಿ ಎಂದರೆ ಬೇರೆ ಕಟ್ಟಡ ಹುಡುಕಬೇಕಿಲ್ಲ, ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ನ್ಯಾಯಾಧೀಶರೇ ಆ ಕೆಲಸವನ್ನೂ ಮಾಡುತ್ತಾರೆ.

ಪುರಾವೆಯ ಅಳತೆಯೂ ಎರಡರಲ್ಲಿ ಒಂದೇ ಅಲ್ಲ. ಕ್ರಿಮಿನಲ್ ಕೇಸಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಪರಿಹಾರದ ಕೇಸಿನಲ್ಲಿ ಹೀಗೆ ಆಗಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. ಚಾಲಕ ಖುಲಾಸೆಯಾದ, ಇನ್ನು ನಮಗೇನೂ ಸಿಗುವುದಿಲ್ಲ ಎಂದು ಕೈಬಿಟ್ಟ ಕುಟುಂಬಗಳಿವೆ. ಅದು ತಪ್ಪು ತಿಳಿವಳಿಕೆ.

ತಪ್ಪು ಯಾರದೆಂದು ತೋರಿಸದೆಯೂ ಪರಿಹಾರ ಪಡೆಯುವ ಮತ್ತೊಂದು ದಾರಿ 164ನೇ ಕಲಂನಲ್ಲಿದೆ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. ಬೇಗ ಸಿಗಬಹುದು. ಆದರೆ ಆ ಹಣ ಒಪ್ಪಿಕೊಂಡರೆ 166ರ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ದುಡಿಯುವ ವಯಸ್ಸಿನವರು ಹೋಗಿದ್ದರೆ ಒಪ್ಪುವ ಮುಂಚೆ, ಮುಂದೆ ಕೊಟ್ಟಿರುವ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಮೊದಲ ವಾರದ ಕಾಗದಗಳು

ಎರಡು ವರ್ಷದ ನಂತರ ಕೋರ್ಟಿನಲ್ಲಿ ಏನಾಗುತ್ತದೆ ಎಂಬುದು ಮೊದಲ ವಾರದ ಕಾಗದಗಳ ಮೇಲೆ ನಿಂತಿರುತ್ತದೆ. ದವಾಖಾನೆಗೆ ಸೇರಿಸುವಾಗ ಬಿದ್ದು ಪೆಟ್ಟಾಯಿತು ಎಂದು ಬರೆಸುವುದು, ರಾಜಿ ಆಗಬಹುದು ಎಂಬ ಆಸೆಯಲ್ಲಿ ಆಸ್ಪತ್ರೆಯಿಂದ ಪೊಲೀಸರಿಗೆ ಹೋಗುವ ಗಾಯದ ದಾಖಲೆ, ಅಂದರೆ ಎಂಎಲ್‌ಸಿ ಮಾಡಿಸದೆ ಬಿಡುವುದು, ಇವೆರಡೂ ಆಮೇಲೆ ಕುತ್ತಿಗೆಗೆ ಬರುತ್ತವೆ. ವಿಮಾ ಕಂಪನಿಯ ವಕೀಲರು ಮೊದಲು ತೆಗೆದು ನೋಡುವುದೇ ಆಸ್ಪತ್ರೆಯ ಮೊದಲ ಹಾಳೆಯನ್ನು. ಯಾವ ವಾಹನ, ಎಲ್ಲಿ, ಎಷ್ಟು ಹೊತ್ತಿಗೆ, ಹೇಗೆ ಬಡಿಯಿತು ಎಂಬುದು ಅಲ್ಲಿಯೇ ಬರಬೇಕು.

ಎಫ್ಐಆರ್ ಬೇಗ ಆದಷ್ಟೂ ಒಳ್ಳೆಯದು. ಆದರೆ ಮನೆಯವರೆಲ್ಲ ಐಸಿಯು ಬಾಗಿಲಲ್ಲಿ ನಿಂತಿದ್ದಾಗ ನಾಲ್ಕು ದಿನ ತಡವಾಯಿತು ಎಂದು ಕೇಸೇ ಸುಳ್ಳು ಎನ್ನುವಂತಿಲ್ಲ. ಇಂಥ ಸ್ಥಿತಿಯಲ್ಲಿರುವ ಜನ ಮೊದಲು ಠಾಣೆಗೆ ಓಡುತ್ತಾರೆಂದು ನಿರೀಕ್ಷಿಸಲಾಗದು ಎಂಬುದನ್ನು ಸುಪ್ರೀಂ ಕೋರ್ಟ್ 2011ರಲ್ಲೇ ಒಪ್ಪಿದೆ. ತಡವಾದರೆ ಕಾರಣವನ್ನು ದೂರಿನಲ್ಲೇ ಬರೆಸಿ.

ಎಫ್ಐಆರ್ ಜೊತೆಗೆ ಬೇಕಾಗುವವು ಸ್ಥಳ ಪಂಚನಾಮೆ ಮತ್ತು ನಕ್ಷೆ, ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ಪರೀಕ್ಷೆಯ ವರದಿ, ಮೋಟಾರು ವಾಹನ ನಿರೀಕ್ಷಕರ ವರದಿ, ಕೊನೆಗೆ ದೋಷಾರೋಪ ಪಟ್ಟಿ. ಔಷಧ ಅಂಗಡಿಯ ಒಂದೊಂದು ಬಿಲ್ಲನ್ನೂ, ಸೊಲ್ಲಾಪುರಕ್ಕೋ ಹೈದರಾಬಾದಿಗೋ ಕರೆದೊಯ್ದ ಅಂಬುಲೆನ್ಸ್ ರಸೀದಿಯನ್ನೂ ಒಂದು ಚೀಲದಲ್ಲಿ ಹಾಕಿಡಿ. ಅಂಗಡಿಗಳ ಸಿಸಿಟಿವಿ ಹೆಚ್ಚು ದಿನ ಉಳಿಯುವುದಿಲ್ಲ, ಹಳೆಯ ದೃಶ್ಯದ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಜಗತ್ ಸರ್ಕಲ್, ಸೂಪರ್ ಮಾರ್ಕೆಟ್‌ನಂಥ ಕಡೆ ಅಪಘಾತವಾದರೆ ಎದುರಿನ ಅಂಗಡಿಯವರನ್ನು ಅಂದೇ ಕೇಳಬೇಕು, ತನಿಖಾಧಿಕಾರಿಗೆ ಬರವಣಿಗೆಯಲ್ಲೇ ಹೇಳಬೇಕು.

2022ರಿಂದ ಜಾರಿಯಲ್ಲಿರುವ ಕೇಂದ್ರದ ನಿಯಮಗಳ ಪ್ರಕಾರ ಠಾಣೆಯವರು 48 ಗಂಟೆಯೊಳಗೆ ಪ್ರಥಮ ಅಪಘಾತ ವರದಿಯನ್ನು, 90 ದಿನದೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು. ಆ ವಿವರವಾದ ವರದಿಯನ್ನೇ ನ್ಯಾಯಮಂಡಳಿ ಪರಿಹಾರದ ಅರ್ಜಿ ಎಂದು ಪರಿಗಣಿಸಬಹುದು. ಅದು ಹೋಗಿದೆಯೇ ಎಂದು ಠಾಣೆಯಲ್ಲಿ ಕೇಳುವ ಹಕ್ಕು ನಿಮಗಿದೆ, ಕೇಳಿ.

ಚಿಕಿತ್ಸೆಯ ಹಣದ ವಿಷಯ. 2025ರ ಮೇ 5ರಂದು ಜಾರಿಯಾದ ಕೇಂದ್ರ ಯೋಜನೆಯಡಿ, ಮೋಟಾರು ವಾಹನದಿಂದಾದ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಸಿಗಬೇಕು. ಸೇರಿಸುವಾಗಲೇ ಈ ಯೋಜನೆಯ ಹೆಸರು ಹೇಳಿ ಕೇಳುವುದು ಒಳ್ಳೆಯದು. ಇನ್ನು ದಾರಿಹೋಕರು ಗಾಯಾಳುವನ್ನು ಎತ್ತಿಕೊಂಡು ಹೋದರೆ ಪೊಲೀಸರು ಹಿಡಿದು ಕೂರಿಸುತ್ತಾರೆ ಎಂಬ ಹೆದರಿಕೆ ಈಗಲೂ ಇದೆ. ಕಾಯ್ದೆಯ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ: ಹೆಸರು, ವಿಳಾಸ ಕೊಡಲೇಬೇಕು ಎಂದು ಅವರನ್ನು ಒತ್ತಾಯಿಸುವಂತಿಲ್ಲ. ಕರ್ನಾಟಕವಂತೂ ಜೀವ ಉಳಿಸುವವರ ರಕ್ಷಣೆಗೆಂದೇ 2016ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿದ ರಾಜ್ಯ. ಹೆದರಿ ನಿಂತು ನೋಡುವುದಕ್ಕೆ ಕಾರಣವೇ ಉಳಿದಿಲ್ಲ.

ಯಾವ ಗಾಡಿಯಲ್ಲಿ ಕೂತಿದ್ದಿರಿ ಎಂಬುದೇ ದೊಡ್ಡ ಪ್ರಶ್ನೆ

ಪ್ರತಿ ವಾಹನಕ್ಕೂ ಕನಿಷ್ಠ ಥರ್ಡ್ ಪಾರ್ಟಿ ವಿಮೆ ಇರಲೇಬೇಕು ಎನ್ನುತ್ತದೆ 146ನೇ ಕಲಂ. ಮೊದಲನೆಯವರು ವಾಹನದ ಮಾಲೀಕರು, ಎರಡನೆಯವರು ವಿಮಾ ಕಂಪನಿ, ಮೂರನೆಯವರು ಆ ವಾಹನದಿಂದ ಪೆಟ್ಟು ತಿಂದ ಹೊರಗಿನವರು. ಮೂರನೆಯವರಿಗೆ ಸಿಗುವ ರಕ್ಷಣೆ ಗಟ್ಟಿಯಾದದ್ದು. ಚಾಲಕನ ಲೈಸೆನ್ಸ್ ನಕಲಿ ಎಂದು ಗೊತ್ತಾದರೂ ಎಷ್ಟೋ ಸಲ ಕಂಪನಿ ಮೊದಲು ಪರಿಹಾರ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಬೇಕು ಎಂದು ಆದೇಶವಾಗುತ್ತದೆ. ಸುಪ್ರೀಂ ಕೋರ್ಟ್ 2004ರಲ್ಲಿ ಈ ದಾರಿಯನ್ನು ಸ್ಪಷ್ಟಪಡಿಸಿದೆ.

ಆದರೆ ಗಾಡಿಯೊಳಗೆ ಕೂತವರ ಲೆಕ್ಕ ಬೇರೆ. ನಮ್ಮ ಭಾಗದ ಬಡವರಿಗೆ ಅತಿ ಹೆಚ್ಚು ನಷ್ಟವಾಗುವುದು ಇಲ್ಲಿಯೇ.

ಶಹಾಪುರ, ಸುರಪುರ ಕಡೆ ಹತ್ತಿ ಬಿಡಿಸಲು ಹೊರಟ ಹೆಣ್ಣುಮಕ್ಕಳು ಬೆಳಗಿನ ಜಾವ ಹತ್ತುವುದು ಸರಕು ಸಾಗಿಸುವ ಗಾಡಿಗೆ. ಮದುವೆಗೆ, ಜಾತ್ರೆಗೆ ಊರಿಗೂರೇ ಹೋಗುವುದು ಟ್ರ್ಯಾಕ್ಟರ್ ಟ್ರೇಲರಿನಲ್ಲಿ. ಸರಕು ವಾಹನದ ವಿಮೆ ಸರಕಿಗೆ ಸಂಬಂಧಿಸಿದ್ದು. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಜೊತೆಗಿದ್ದರೆ ಅವರಿಗೆ ರಕ್ಷಣೆ ಉಂಟು. ಸುಮ್ಮನೆ ಪ್ರಯಾಣಿಕರಾಗಿ ಹತ್ತಿದವರಿಗೆ ಇಲ್ಲ. 2003ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ತೀರ್ಮಾನಿಸಿದ ಮೇಲೆ, ಗಾಡಿ ಪಲ್ಟಿಯಾಗಿ ಸತ್ತವರಿದ್ದರೂ ಕಂಪನಿ ನಮ್ಮ ಹೊಣೆಯಲ್ಲ ಎನ್ನಬಹುದು. ಪರಿಹಾರ ಕೊಡಬೇಕಾದವನು ಮಾಲೀಕನೇ ಆಗುತ್ತಾನೆ, ಅವನ ಹತ್ತಿರ ಆ ಗಾಡಿ ಬಿಟ್ಟರೆ ಮತ್ತೇನೂ ಇರುವುದಿಲ್ಲ. ಕೆಲವು ಪ್ರಕರಣಗಳಲ್ಲಿ ಕಂಪನಿಯೇ ಮೊದಲು ಕೊಡಲಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಉಂಟು, ಆದರೆ ಅದನ್ನೇ ನೆಚ್ಚಿ ಕೂರಲಾಗದು.

ಇದರಲ್ಲಿ ಒಂದು ಬಾಗಿಲು ತೆರೆದಿದೆ. ಅದೇ ಟ್ರ್ಯಾಕ್ಟರಿಗೆ ಎದುರಿನಿಂದ ಬಂದ ಲಾರಿ ಗುದ್ದಿದ್ದರೆ, ಟ್ರೇಲರಿನಲ್ಲಿದ್ದವರು ಲಾರಿಯ ಮಟ್ಟಿಗೆ ಹೊರಗಿನವರು. ಇಬ್ಬರು ಚಾಲಕರದೂ ತಪ್ಪಿದ್ದಾಗ ಗಾಯಗೊಂಡವರು ಅವರಲ್ಲಿ ಯಾರಿಂದಾದರೂ ಪೂರ್ತಿ ಪರಿಹಾರ ಕೇಳಬಹುದು ಎಂದು 2015ರ ತೀರ್ಪು ಇದೆ. ಹಾಗಾಗಿ ಅರ್ಜಿಯಲ್ಲಿ ಎರಡೂ ವಾಹನಗಳ ಮಾಲೀಕರನ್ನೂ ಕಂಪನಿಗಳನ್ನೂ ಸೇರಿಸಿದ್ದಾರೆಯೇ ಎಂದು ವಕೀಲರನ್ನು ಕೇಳಿ.

ಕ್ರೂಸರ್‌ಗಳ ಕಥೆ ಇನ್ನೊಂದು ಬಗೆ. ಅವು ಪ್ರಯಾಣಿಕ ವಾಹನಗಳೇ, ಆದರೆ ವಿಮೆ ಇರುವುದು ನಮೂದಾದ ಸೀಟುಗಳಿಗೆ. ಅದಕ್ಕಿಂತ ಹೆಚ್ಚು ಜನರನ್ನು ತುರುಕಿದ್ದರೆ ಕಂಪನಿಯ ಹೊಣೆ ಆ ಸೀಟುಗಳ ಲೆಕ್ಕಕ್ಕೇ ನಿಲ್ಲುತ್ತದೆ, ಬಂದ ಹಣ ಎಲ್ಲರ ನಡುವೆ ಹಂಚಿಹೋಗುವ ಸ್ಥಿತಿ ಬರುತ್ತದೆ.

ಬೈಕಿನ ಹಿಂದೆ ಕೂತವರೂ ಗಮನಿಸಬೇಕು. ಸವಾರನ ತಪ್ಪಿನಿಂದಲೇ ಬಿದ್ದರೆ, ಬೈಕಿಗೆ ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಹಿಂಬದಿ ಸವಾರರಿಗೆ ರಕ್ಷಣೆ ಇರುವುದಿಲ್ಲ, ಪ್ಯಾಕೇಜ್ ಪಾಲಿಸಿ (ಸಮಗ್ರ ವಿಮೆ) ಇದ್ದರೆ ಉಂಟು. ತಾನೇ ಸ್ಕಿಡ್ ಆಗಿ ಬಿದ್ದ ಮಾಲೀಕ-ಸವಾರ ಬೇರೆಯವರ ಮೇಲೆ ಕೇಸು ಹಾಕಲಾರ. ಅವನಿಗಿರುವುದು ವಿಮೆಯ ಜೊತೆ ಪಡೆಯಬೇಕಾದ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ರಕ್ಷಣೆ ಮಾತ್ರ. ಪಾಲಿಸಿ ನವೀಕರಿಸುವಾಗ ನಾಲ್ಕು ದುಡ್ಡು ಉಳಿಸಲು ಅದನ್ನು ತೆಗೆಸಿಬಿಡುವವರಿದ್ದಾರೆ. ಹಾಗೆ ಮಾಡಬಾರದು ಎಂದು ನಾನು ಪರಿಚಯದವರಿಗೆಲ್ಲ ಹೇಳುತ್ತೇನೆ.

ಸಾವಿನ ಪರಿಹಾರದ ಲೆಕ್ಕ

ನ್ಯಾಯಾಧೀಶರು ಮನಸ್ಸಿಗೆ ಬಂದಷ್ಟು ಬರೆಯುವುದಿಲ್ಲ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪು ಮತ್ತು 2017ರ ಪ್ರಣಯ್ ಸೇಠಿ ತೀರ್ಪು ದೇಶಕ್ಕೆಲ್ಲ ಒಂದೇ ಸೂತ್ರ ಕೊಟ್ಟಿವೆ. ಉದಾಹರಣೆಗೆ ಆಳಂದ ರಸ್ತೆಯ 34 ವರ್ಷದ ಗೌಂಡಿಯೊಬ್ಬರು ತೀರಿಕೊಂಡರು ಎಂದುಕೊಳ್ಳೋಣ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ತಿಂಗಳ ಆದಾಯ 15,000 ರೂಪಾಯಿ ಎಂದು ನ್ಯಾಯಮಂಡಳಿ ಒಪ್ಪಿತು.

ಬದುಕಿದ್ದರೆ ಆದಾಯ ಏರುತ್ತಿತ್ತು. ಸ್ವಂತ ದುಡಿಮೆಯವರಿಗೆ 40 ವರ್ಷದೊಳಗೆ ಶೇ 40, 40ರಿಂದ 50ರವರೆಗೆ ಶೇ 25, 50ರಿಂದ 60ರವರೆಗೆ ಶೇ 10 ಸೇರಿಸಬೇಕು. ಕಾಯಂ ನೌಕರಿಯವರಿಗೆ ಇದು ಶೇ 50, 30, 15. ನಮ್ಮ ಗೌಂಡಿಯ ಆದಾಯ ಹೀಗೆ 21,000 ಆಯಿತು. ಅದರಲ್ಲಿ ತನ್ನ ಸ್ವಂತಕ್ಕೆ ಖರ್ಚು ಮಾಡುತ್ತಿದ್ದುದನ್ನು ಕಳೆಯಬೇಕು. ಅವಲಂಬಿತರು ಇಬ್ಬರು ಮೂವರಿದ್ದರೆ ಮೂರರಲ್ಲಿ ಒಂದು ಪಾಲು, ನಾಲ್ವರಿಂದ ಆರು ಜನರಿದ್ದರೆ ನಾಲ್ಕರಲ್ಲಿ ಒಂದು, ಅದಕ್ಕೂ ಹೆಚ್ಚಿದ್ದರೆ ಐದರಲ್ಲಿ ಒಂದು, ಮದುವೆಯಾಗದವರಿಗೆ ಸಾಮಾನ್ಯವಾಗಿ ಅರ್ಧ. ಇಲ್ಲಿ ನಾಲ್ವರು. 5,250 ಕಳೆದು 15,750 ಉಳಿಯಿತು. ವರ್ಷಕ್ಕೆ 1,89,000.

ಇದನ್ನು ಎಷ್ಟು ವರ್ಷಕ್ಕೆ ಗುಣಿಸಬೇಕು? ಇನ್ನೂ 26 ವರ್ಷ ದುಡಿಯುತ್ತಿದ್ದ ಎಂದು 26ರಿಂದ ಗುಣಿಸುವುದಿಲ್ಲ. ಹಿಂದೆ ನಮ್ಮ ಮನೆಗಳಲ್ಲಿ ನೆಲದೊಳಗಿನ ಹಗೇವಿಗೆ ಜೋಳ ತುಂಬುತ್ತಿದ್ದ ರೀತಿ ನೆನೆಸಿಕೊಳ್ಳಿ: ಒಮ್ಮೆಲೇ ತುಂಬುವುದು, ಬೇಕಾದಷ್ಟೇ ತೆಗೆಯುತ್ತ ಹೋಗುವುದು, ಹೊಸ ರಾಶಿ ಬರುವ ಹೊತ್ತಿಗೆ ಅದು ಬರಿದಾಗುವುದು. ಪರಿಹಾರವೂ ಒಮ್ಮೆಲೇ ಕೈಗೆ ಬರುವ ಹಣ. ಅದಕ್ಕೆ ಬಡ್ಡಿಯೂ ಬರುತ್ತದೆ. ಬಡ್ಡಿ ಮತ್ತು ಅಸಲು ಎರಡನ್ನೂ ಬಳಸುತ್ತಾ ಹೋದರೆ ಸಂಸಾರ ನಡೆಯಬೇಕು, ಕೊನೆಗೆ ಅದು ತೀರಬೇಕು. ಅದಕ್ಕೇ ವಯಸ್ಸಿಗೆ ತಕ್ಕ ಗುಣಕ ಇದೆ: 15ರಿಂದ 25 ವರ್ಷದವರೆಗೆ 18, ಆಮೇಲೆ ಕಡಿಮೆಯಾಗುತ್ತಾ 31ರಿಂದ 35ಕ್ಕೆ 16, 41ರಿಂದ 45ಕ್ಕೆ 14, 51ರಿಂದ 55ಕ್ಕೆ 11, 65 ದಾಟಿದವರಿಗೆ 5.

1,89,000ವನ್ನು 16ರಿಂದ ಗುಣಿಸಿದರೆ 30,24,000 ರೂಪಾಯಿ. ಇದು ಅವಲಂಬನೆಯ ನಷ್ಟ ಮಾತ್ರ. ಇದರ ಮೇಲೆ ಅಂತ್ಯಕ್ರಿಯೆಗೆ 15,000, ಆಸ್ತಿ ನಷ್ಟಕ್ಕೆ 15,000, ಸಾಂಗತ್ಯ ಕಳೆದುಕೊಂಡದ್ದಕ್ಕೆ 40,000 ಎಂದು 2017ರಲ್ಲಿ ನಿಗದಿಯಾಗಿದೆ, ಮೂರು ವರ್ಷಕ್ಕೊಮ್ಮೆ ಶೇ 10 ಏರುತ್ತದೆ. ಸಾಂಗತ್ಯದ ಹಣ ಹೆಂಡತಿಗಷ್ಟೇ ಅಲ್ಲ, ಮಕ್ಕಳಿಗೂ ತಂದೆತಾಯಿಗೂ ಸಲ್ಲುತ್ತದೆ ಎಂದು 2018ರ ತೀರ್ಪು ಹೇಳುತ್ತದೆ. ಅರ್ಜಿ ಹಾಕಿದ ದಿನದಿಂದ ಬಡ್ಡಿ ಬೇರೆ. ವಾರ್ಡಿನಲ್ಲಿ ಬಾಂಡ್ ಪೇಪರ್ ಮೇಲೆ ಬರೆದಿದ್ದ ಮೊತ್ತವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಲೆಕ್ಕವೆಲ್ಲ ನಿಂತಿರುವುದು ಆದಾಯದ ಅಂಕಿಯ ಮೇಲೆ. ಗೌಂಡಿಗೆ, ಕೂಲಿಯವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಪುರಾವೆ ಇಲ್ಲದಾಗ ನ್ಯಾಯಮಂಡಳಿ ಅಂದಾಜು ಆದಾಯ ಹಿಡಿಯುತ್ತದೆ. ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್‌ಗಳಿಗಾಗಿ ಮಾಡಿರುವ ವರ್ಷವಾರು ಪಟ್ಟಿಯನ್ನು ಇದಕ್ಕೆ ಆಧಾರವಾಗಿ ಬಳಸುವುದು ರೂಢಿ. ಅದಕ್ಕಿಂತ ಹೆಚ್ಚು ದುಡಿಯುತ್ತಿದ್ದರೆ ತೋರಿಸಬೇಕು: ಬ್ಯಾಂಕ್ ಖಾತೆ, ಫೋನ್‌ಪೇ ಜಮೆಗಳು, ಕಟ್ಟಡ ಕಾರ್ಮಿಕರ ಕಾರ್ಡು, ಗುತ್ತಿಗೆದಾರರ ಸಾಕ್ಷಿ. ಮನೆಗೆಲಸ ಮಾಡಿಕೊಂಡಿದ್ದ ಗೃಹಿಣಿ ತೀರಿಕೊಂಡರೆ ಆದಾಯವೇ ಇಲ್ಲ ಎನ್ನುವಂತಿಲ್ಲ. ಆಕೆಯ ದುಡಿಮೆಗೂ ಬೆಲೆ ಕಟ್ಟಬೇಕು, ಮುಂದಿನ ಏರಿಕೆಯನ್ನೂ ಸೇರಿಸಬಹುದು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ತೀರ್ಪು ಇನ್ನೂ ಹಳ್ಳಿಗಳಿಗೆ ಮುಟ್ಟಬೇಕಿದೆ.

ಬದುಕುಳಿದವರ ಲೆಕ್ಕ: ಹಮಾಲರ ಮೊಣಕಾಲು

ನೆಹರೂ ಗಂಜಿನಲ್ಲಿ ತೊಗರಿ ಚೀಲ ಹೊರುವ 42 ವರ್ಷದ ಹಮಾಲರೊಬ್ಬರ ಮೊಣಕಾಲು ಮುರಿದು, ಪ್ಲೇಟ್ ಹಾಕಿದ ಮೇಲೂ ಪೂರ್ತಿ ಮಡಚಲು ಬರುವುದಿಲ್ಲ ಎಂದುಕೊಳ್ಳಿ. ಆ ಕಾಲಿಗೆ ಶೇ 45 ಅಂಗವೈಕಲ್ಯ, ಇಡೀ ದೇಹಕ್ಕೆ ಶೇ 15 ಎಂದು ವೈದ್ಯರು ಹೇಳುತ್ತಾರೆ. ವಿಮಾ ಕಂಪನಿ ಹಿಡಿದುಕೊಳ್ಳುವುದು ಆ 15ನ್ನು. ತಿಂಗಳಿಗೆ 14,000 ಆದಾಯ, ಗುಣಕ 14 ಎಂದರೆ 23,52,000. ಅದರ ಶೇ 15 ಎಂದರೆ 3,52,800.

ಆದರೆ ಮೊಣಕಾಲು ಮಡಚಲಾಗದ ಮನುಷ್ಯ ಬೆನ್ನ ಮೇಲೆ ಚೀಲ ಹೊತ್ತು ಲಾರಿಗೆ ಇಟ್ಟ ಹಲಗೆ ಏರಲಾದೀತೇ? 2010ರ ರಾಜ್ ಕುಮಾರ್ ತೀರ್ಪು ಈ ಪ್ರಶ್ನೆಯನ್ನೇ ಕೇಳಬೇಕು ಎನ್ನುತ್ತದೆ. ದೇಹಕ್ಕಾದ ಊನ ಎಷ್ಟು ಎಂಬುದಕ್ಕಿಂತ, ಆ ಊನದಿಂದ ಅವರ ದುಡಿಯುವ ಶಕ್ತಿ ಎಷ್ಟು ಹೋಯಿತು ಎಂಬುದು ಮುಖ್ಯ. ಎಡಗೈ ಕಳೆದುಕೊಂಡ ಗುಮಾಸ್ತನ ನೌಕರಿ ಉಳಿಯಬಹುದು, ಅದೇ ಕೈ ಕಳೆದುಕೊಂಡ ಬಡಗಿಗೆ ಇಡೀ ಕಸುಬೇ ಹೋಗಬಹುದು. ನಮ್ಮ ಹಮಾಲರ ದುಡಿಮೆ ಶೇ 60ರಷ್ಟು ಹೋಯಿತು ಎಂದು ನ್ಯಾಯಮಂಡಳಿ ಒಪ್ಪಿದರೆ ಅದೇ ಲೆಕ್ಕ 14,11,200 ಆಗುತ್ತದೆ. ವ್ಯತ್ಯಾಸ ಹತ್ತು ಲಕ್ಷಕ್ಕೂ ಮೇಲೆ, ಕಾಲು ಅದೇ. ಇದಕ್ಕೆ ಬೇಕಾದದ್ದು ಚಿಕಿತ್ಸೆ ಕೊಟ್ಟ ವೈದ್ಯರ ಸಾಕ್ಷಿ, ಎಪಿಎಂಸಿಯ ಹಮಾಲಿ ಲೈಸೆನ್ಸ್, ಜೊತೆಗೆ ದುಡಿಯುವವರ ಮಾತು. ಕಸುಬು ಏನು, ಅದರಲ್ಲಿ ದೇಹ ಏನೇನು ಮಾಡಬೇಕು ಎಂಬುದನ್ನು ನಿಮ್ಮ ವಕೀಲರಿಗೆ ಬಿಡಿಸಿ ಹೇಳಿ.

ಆಸ್ಪತ್ರೆ ಖರ್ಚು, ನೋವು, ಹಾಸಿಗೆ ಹಿಡಿದ ತಿಂಗಳುಗಳ ಕೂಲಿ, ನೋಡಿಕೊಂಡವರ ಖರ್ಚು, ಮುಂದೆ ಪ್ಲೇಟ್ ತೆಗೆಸುವ ಆಪರೇಷನ್ ಇವೆಲ್ಲ ಪ್ರತ್ಯೇಕ.

ಗುದ್ದಿ ಓಡಿಹೋದರೆ

ಯಾವ ವಾಹನ ಎಂದೇ ಗೊತ್ತಾಗದಿದ್ದರೆ 161ನೇ ಕಲಂ ಇದೆ. 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಮೊದಲು ಇದು 25,000 ಮತ್ತು 12,500 ಇತ್ತು. ಕೋರ್ಟಿಗೆ ಹೋಗಬೇಕಿಲ್ಲ, ಕಂದಾಯ ಉಪವಿಭಾಗದ ಅಧಿಕಾರಿ ಅಥವಾ ತಹಶೀಲ್ದಾರರು ವಿಚಾರಣೆ ಮಾಡುತ್ತಾರೆ, ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ. ಇಂಥ ಹಣವಿದೆ ಎಂದು ಕೇಳುವವರೇ ದೇಶದಲ್ಲಿ ತೀರ ಕಡಿಮೆ ಎಂಬುದನ್ನು ಗಮನಿಸಿದ ಸುಪ್ರೀಂ ಕೋರ್ಟ್, ತಿಂಗಳೊಳಗೆ ವಾಹನ ಪತ್ತೆಯಾಗದಿದ್ದರೆ ಈ ಯೋಜನೆಯ ಬಗ್ಗೆ ಠಾಣಾಧಿಕಾರಿಯೇ ಮನೆಯವರಿಗೆ ಬರವಣಿಗೆಯಲ್ಲಿ ತಿಳಿಸಬೇಕು ಎಂದು 2024ರ ಜನವರಿಯಲ್ಲಿ ಆದೇಶಿಸಿದೆ. ತಿಳಿಸದಿದ್ದರೆ ನೀವೇ ಕೇಳಬಹುದು.

ಪುಣೆಯಲ್ಲಿ ಅಪಘಾತ, ಕೇಸು ಕಲಬುರಗಿಯಲ್ಲಿ

ದುಡಿಯಲು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವವರು ನಮ್ಮಲ್ಲಿ ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಅಲ್ಲಿ ರಸ್ತೆ ದಾಟುವಾಗ ಕಾರು ಬಡಿದು ಸತ್ತರೆ ಹೆಣ ಊರಿಗೆ ತಂದು ಮಣ್ಣು ಮಾಡಿ, ಅಷ್ಟು ದೂರ ಹೋಗಿ ಕೇಸು ಯಾರು ನಡೆಸಬೇಕು ಎಂದು ಸುಮ್ಮನಾಗುತ್ತಾರೆ. ಹೋಗಬೇಕಾಗಿಯೇ ಇಲ್ಲ. ಅಪಘಾತವಾದ ಊರಿನಲ್ಲಿ, ಅರ್ಜಿದಾರರು ವಾಸವಿರುವ ಊರಿನಲ್ಲಿ, ಅಥವಾ ಎದುರುದಾರರು ಇರುವ ಊರಿನಲ್ಲಿ, ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಸೇಡಂ ತಾಲ್ಲೂಕಿನ ತಾಯಿಯೊಬ್ಬರು ಪುಣೆಯ ಅಪಘಾತಕ್ಕೆ ಇಲ್ಲಿಯೇ ಪರಿಹಾರ ಕೇಳಬಹುದು. ಅಲ್ಲಿನ ಠಾಣೆಯಿಂದ ಎಫ್ಐಆರ್, ಪಂಚನಾಮೆ, ಮರಣೋತ್ತರ ವರದಿಯ ಪ್ರತಿಗಳನ್ನು ಹೆಣ ತರುವಾಗಲೇ ಕೇಳಿ ತಂದರೆ ಮುಂದಿನ ಓಡಾಟ ಅರ್ಧ ಕಡಿಮೆಯಾಗುತ್ತದೆ.

ಕಾಲಮಿತಿ ಮಾತ್ರ ನೆನಪಿರಲಿ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬ ನಿಯಮ 2022ರ ಏಪ್ರಿಲ್‌ನಿಂದ ಬಂದಿದೆ. ಈ ಮಿತಿ ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದಿದೆ. ಅದು ಏನಾಗುತ್ತದೋ ಎಂದು ಕಾಯದೆ ಆರು ತಿಂಗಳೊಳಗೇ ಹಾಕುವುದು ಕ್ಷೇಮ. ಮೀರಿದ್ದರೂ ಕೈಬಿಡದೆ ವಕೀಲರನ್ನು ಕಾಣಬೇಕು.

ವಾಹನವೇ ಇಲ್ಲದ ಅಪಘಾತ: ಗುಂಡಿ, ತೆರೆದ ಚರಂಡಿ, ಕರೆಂಟ್ ತಂತಿ

ಮಳೆಗಾಲದಲ್ಲಿ ನೀರು ತುಂಬಿ ಕಾಣದಂತಾದ ಚರಂಡಿಗೆ ಮಗು ಬಿದ್ದರೆ ಮೋಟಾರು ನ್ಯಾಯಮಂಡಳಿಗೆ ಹೋಗುವಂತಿಲ್ಲ. ಅದು ಸಿವಿಲ್ ದಾವೆ, ಕೆಲವು ಸಲ ಹೈಕೋರ್ಟಿಗೆ ರಿಟ್ ಅರ್ಜಿ. ದಾರಿ ಉದ್ದ. ಆದರೂ ತತ್ವ ಅದೇ: ನೋಡಿಕೊಳ್ಳಬೇಕಾದವರು ನೋಡಿಕೊಂಡರೇ? ದೆಹಲಿಯ ಚಾಂದನಿ ಚೌಕದ ಹಳೆಯ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲಿ ನಗರಸಭೆಯನ್ನೇ ಹೊಣೆ ಮಾಡಿತು. ಸರಿಯಾಗಿ ನೋಡಿಕೊಂಡಿದ್ದರೆ ಗೋಪುರ ತಾನಾಗಿ ಬೀಳುವುದಿಲ್ಲ, ಹಾಗಾಗಿ ನಿರ್ಲಕ್ಷ್ಯ ಇರಲಿಲ್ಲ ಎಂದು ತೋರಿಸುವ ಭಾರ ನಗರಸಭೆಯ ಮೇಲೇ ಬಿತ್ತು. ಬೆಂಗಳೂರಿನ ರಸ್ತೆ ಗುಂಡಿಗಳ ಪ್ರಕರಣದಲ್ಲಿ ನಮ್ಮ ಹೈಕೋರ್ಟ್ 2019ರಲ್ಲಿ, ಸುಸ್ಥಿತಿಯ ರಸ್ತೆ ನಾಗರಿಕರ ಹಕ್ಕು, ಗುಂಡಿಯಿಂದ ಪೆಟ್ಟಾದವರು ಪರಿಹಾರ ಕೇಳಬಹುದು ಎಂದಿತು. ರಸ್ತೆ ಕಟ್ಟುವ, ನಿರ್ವಹಿಸುವ ಗುತ್ತಿಗೆದಾರರು ಮತ್ತು ಅಧಿಕಾರಿಗಳು ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು, ಅಂಗವಿಕಲತೆ ಆದರೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕುವ 198ಎ ಕಲಂ ಕೂಡ ಕಾಯ್ದೆಯಲ್ಲಿದೆ.

ಇಂಥ ಕೇಸಿನಲ್ಲಿ ಗುಂಡಿ ಮುಚ್ಚುವ ಮೊದಲೇ ತೆಗೆದ ಫೋಟೊ ಬಲು ಮುಖ್ಯ. ಅಪಘಾತವಾದ ಮರುದಿನವೇ ಮುರುಂ ಸುರಿದು ಹೋದರೆ ತೋರಿಸಲು ಏನೂ ಉಳಿಯುವುದಿಲ್ಲ. ಮೊದಲೇ ಯಾರಾದರೂ ದೂರು ಕೊಟ್ಟಿದ್ದರೆ ಅದರ ಪ್ರತಿ ಇನ್ನೂ ದೊಡ್ಡ ಪುರಾವೆ, ಅಪಾಯ ಗೊತ್ತಿದ್ದೂ ಸುಮ್ಮನಿದ್ದರು ಎಂದು ಅದು ಹೇಳುತ್ತದೆ. ಸರ್ಕಾರದ ಮೇಲೆ ದಾವೆ ಹೂಡುವ ಮುಂಚೆ ಎರಡು ತಿಂಗಳ ನೋಟಿಸ್ ಕೊಡಬೇಕು, ಕೆಲವು ದಾವೆಗಳಿಗೆ ಇರುವ ಕಾಲಮಿತಿ ಒಂದೇ ವರ್ಷ. ತಡಮಾಡಬಾರದು.

ವಿದ್ಯುತ್ ವಿಷಯದಲ್ಲಿ ಕಾನೂನು ಇನ್ನೂ ಕಠಿಣ. ಮಧ್ಯಪ್ರದೇಶದಲ್ಲಿ ಒಬ್ಬರು ಮಳೆಯ ರಾತ್ರಿ ಸೈಕಲ್ ಮೇಲೆ ಮನೆಗೆ ಹೊರಟಿದ್ದರು. ನೀರು ನಿಂತ ರಸ್ತೆಯಲ್ಲಿ ಬಿದ್ದಿದ್ದ, ಕರೆಂಟ್ ಹರಿಯುತ್ತಿದ್ದ ತಂತಿ ಕಾಣದೆ ಅದರ ಮೇಲೆ ಹೋಗಿ ಸತ್ತರು. ಯಾರೋ ಕಳ್ಳತನದಿಂದ ಕರೆಂಟ್ ಎಳೆದಿದ್ದರು, ನಮ್ಮ ತಪ್ಪಿಲ್ಲ ಎಂದಿತು ವಿದ್ಯುತ್ ಮಂಡಳಿ. ಇಷ್ಟು ಅಪಾಯದ ವಸ್ತುವನ್ನು ನಡೆಸುವವರು, ತಮ್ಮ ನಿರ್ಲಕ್ಷ್ಯ ಇರಲಿ ಇಲ್ಲದಿರಲಿ, ಹೊಣೆ ಹೊರಲೇಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿತು. ಹೊಲದಲ್ಲಿ ತಂತಿ ಹರಿದು ಬಿದ್ದು ರೈತರೋ ಎತ್ತೋ ಸತ್ತಾಗ ನಮ್ಮ ಭಾಗದಲ್ಲಿ ಅರ್ಜಿ ಹೋಗುವುದು ವಿದ್ಯುತ್ ಕಂಪನಿ ಜೆಸ್ಕಾಂಗೆ. ಪೊಲೀಸ್ ದೂರಿನ ಜೊತೆಗೆ ವಿದ್ಯುತ್ ಪರಿವೀಕ್ಷಣಾಲಯದ ತನಿಖಾ ವರದಿಯ ಪ್ರತಿಯನ್ನೂ ಕೇಳಿ ಪಡೆಯಿರಿ.

ವಕೀಲರು, ರಾಜಿ, ಮೇಲ್ಮನವಿ

ಆಸ್ಪತ್ರೆಗೇ ಬಂದು ಕೇಸು ಹಿಡಿಯುವವರು, ಬಂದದ್ದರಲ್ಲಿ ಇಷ್ಟು ಪಾಲು ನಮ್ಮದು ಎನ್ನುವವರು ಇದ್ದಾರೆ. ಕೇಸಿನ ಫಲದಲ್ಲಿ ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮ ಒಪ್ಪುವುದಿಲ್ಲ. ಶುಲ್ಕ ಎಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ, ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಬೇಡ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಬಹುದು, 15100ಕ್ಕೆ ಕರೆ ಮಾಡಲೂಬಹುದು.

ರಾಜಿ ಕೆಟ್ಟದ್ದೇನಲ್ಲ. ವಾರ್ಡಿನ ಬಾಂಡ್ ಪೇಪರಿಗಿಂತ ಲೋಕ ಅದಾಲತ್‌ನಲ್ಲಿ ನ್ಯಾಯಾಧೀಶರ ಎದುರು ಆಗುವ ರಾಜಿ ಎಷ್ಟೋ ಪಾಲು ಮೇಲು, ಹಣವೂ ಬೇಗ ಬರುತ್ತದೆ. ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇರುವುದಿಲ್ಲ. ಅದಕ್ಕೇ ಮೇಲಿನ ಸೂತ್ರದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡೇ ಹೋಗಿ. ಕಂಪನಿ ಹೇಳಿದ ಮೊತ್ತ ಅದಕ್ಕಿಂತ ಸ್ವಲ್ಪ ಕಡಿಮೆ ಇದ್ದರೆ ವರ್ಷಗಟ್ಟಲೆ ಕಾಯುವುದಕ್ಕಿಂತ ಒಪ್ಪುವುದು ಲಾಭವಿರಬಹುದು, ಅರ್ಧಕ್ಕೆ ಇಳಿದಿದ್ದರೆ ಬೇಡ ಎನ್ನುವ ಸ್ವಾತಂತ್ರ್ಯ ನಿಮ್ಮದು.

ನ್ಯಾಯಮಂಡಳಿಯ ತೀರ್ಪು ಕಡಿಮೆಯೆನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು. ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆ ಇದ್ದರೆ ಆ ಅವಕಾಶವಿಲ್ಲ. 2008ರವರೆಗೆ ಇದಕ್ಕಾಗಿ ಬೆಂಗಳೂರಿನ ರೈಲು ಹತ್ತಬೇಕಿತ್ತು. ಆ ವರ್ಷ ಕಲಬುರಗಿಯಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಬೀದರಿನವರೂ ಯಾದಗಿರಿಯವರೂ ಈಗ ಬೆಳಿಗ್ಗೆ ಬಸ್ಸು ಹತ್ತಿ ಬಂದು, ತಮ್ಮ ಮೇಲ್ಮನವಿ ಯಾವ ಹಂತದಲ್ಲಿದೆ ಎಂದು ಕೇಳಿಕೊಂಡು ಸಂಜೆಗೆ ಊರು ಸೇರಬಹುದು.